ಬ್ಯಾಟರಿ ಮೌಂಟನ್ ಬೈಕ್‌ನಲ್ಲಿ ಪುಣೆಯ ಗುಡ್ಡದಾರಿ: ಮೊದಲು ಇಳಿಯಲು ಕಲಿಯಿರಿ, ಆಮೇಲೆ ಏರಲು

ಪುಣೆಯಲ್ಲಿರುವ ನಮ್ಮ ಕನ್ನಡದ ಗೆಳೆಯರಿಂದ ಒಂದೇ ಬಗೆಯ ಫೋನು ಮತ್ತೆ ಮತ್ತೆ ಬರುತ್ತಿದೆ. "ಏರುವಾಗ ಏನೂ ತೊಂದರೆ ಇರಲಿಲ್ಲ, ಇಳಿಯುವಾಗ ಬಿದ್ದೆ." "ಬ್ಯಾಟರಿ ಅರ್ಧ ದಾರಿಗೇ ಮುಗೀತು, ಗಾಡಿ ತಳ್ಕೊಂಡು ಬಂದೆ." "ಏರಿನಲ್ಲಿ ನಿಲ್ಲಿಸಿ ಮತ್ತೆ ಪೆಡಲ್ ತುಳಿದೆ, ಗಾಡಿ ಕೈಬಿಟ್ಟು ಮುಂದೆ ನುಗ್ಗಿತು." ಮೂವರೂ ಗಾಡಿ ಚೆನ್ನಾಗಿಲ್ಲ ಅಂದುಕೊಂಡಿದ್ದರು. ಗಾಡಿ ಸರಿಯಾಗಿಯೇ ಇತ್ತು. ಕಲಿತ ಕ್ರಮ ಹಿಂದುಮುಂದಾಗಿತ್ತು, ಅಷ್ಟೇ.

ಸಾದಾ ಸೈಕಲ್‌ನಲ್ಲಿ ಕಾಲೇ ನಮ್ಮನ್ನು ತಡೆಯುತ್ತದೆ. ದೊಡ್ಡ ಗುಡ್ಡ ಹತ್ತುವಷ್ಟು ಕಸುವು ಬರಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಬ್ರೇಕ್ ಹಿಡಿಯುವ ಕೈಗೂ ರೂಢಿಯಾಗಿರುತ್ತದೆ. ಬ್ಯಾಟರಿ ಸೈಕಲ್ ಮೊದಲ ಭಾನುವಾರವೇ ನಿಮ್ಮನ್ನು ಗುಡ್ಡದ ತುದಿಗೆ ಒಯ್ದು ನಿಲ್ಲಿಸುತ್ತದೆ. ಅಲ್ಲಿಂದ ಕೆಳಗೆ ಕರೆತರುವುದು ಬ್ರೇಕು, ಟಯರು ಮತ್ತು ನಿಮ್ಮ ಮೈಯ ತೂಕ. ಹಾಗಾಗಿ ಈ ಬರಹದ ಕ್ರಮವನ್ನು ದಯವಿಟ್ಟು ಬದಲಾಯಿಸಬೇಡಿ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

## ಹಂತ 1: ನಿಮ್ಮ ಗಾಡಿ ಯಾವ ಜಾತಿಯದು ಎಂದು ತಿಳಿಯಿರಿ

ಮೊದಲು ಮೋಟರ್ ಎಲ್ಲಿದೆ ನೋಡಿ. ಹಿಂದಿನ ಚಕ್ರದ ನಡುವೆ ದಪ್ಪ ಡಬ್ಬಿಯಂತೆ ಇದ್ದರೆ ಅದು ಹಬ್ ಮೋಟರ್. ನಮ್ಮಲ್ಲಿ ಕೈಗೆಟಕುವ ಬೆಲೆಯ ಗಾಡಿಗಳಲ್ಲಿ ಹೆಚ್ಚಿನವು ಇಂಥವು. ಪೆಡಲ್ ಇರುವ ಜಾಗದಲ್ಲೇ ಮೋಟರ್ ಇದ್ದರೆ ಮಿಡ್ ಡ್ರೈವ್. ಹಬ್ ಮೋಟರ್ ಚಕ್ರವನ್ನು ನೇರವಾಗಿ ತಿರುಗಿಸುತ್ತದೆ, ನೀವು ಯಾವ ಗೇರ್‌ನಲ್ಲಿದ್ದೀರಿ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಮಿಡ್ ಡ್ರೈವ್ ತನ್ನ ಶಕ್ತಿಯನ್ನು ಚೈನ್ ಮೂಲಕ ಕಳಿಸುತ್ತದೆ, ಗೇರ್ ತಪ್ಪಿದರೆ ಚೈನ್ ತುಂಡಾಗಬಹುದು. ಏರಿನ ಪಾಠ ಎರಡಕ್ಕೂ ಬೇರೆ ಬೇರೆ.

ಆಮೇಲೆ, ಮೋಟರ್ ಯಾವಾಗ ಓಡಬೇಕು ಎಂದು ತಿಳಿಸುವ ಸೆನ್ಸರ್. ಗಾಡಿಯ ಹಿಂದಿನ ಚಕ್ರ ಮೇಲೆತ್ತಿ, ಅಸಿಸ್ಟ್ (ತುಳಿಯುವಾಗ ಮೋಟರ್ ಕೊಡುವ ನೆರವು) ಆನ್ ಮಾಡಿ, ಪೆಡಲನ್ನು ಕೈಯಿಂದ ಹಗುರವಾಗಿ ತಿರುಗಿಸಿ. ಒತ್ತಡವೇ ಇಲ್ಲದಿದ್ದರೂ ಮೋಟರ್ ಜೋರಾಗಿ ತಿರುಗಿದರೆ ಅದು ಕೇಡೆನ್ಸ್ ಸೆನ್ಸರ್. ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ಅದು ನೋಡುತ್ತದೆ. ಹೀಗಾಗಿ ಮೋಟರ್ ಸ್ವಲ್ಪ ತಡವಾಗಿ ಶುರುವಾಗುತ್ತದೆ, ನೀವು ನಿಲ್ಲಿಸಿದ ಮೇಲೂ ಒಂದು ಕ್ಷಣ ಎಳೆಯುತ್ತದೆ. ಟಾರ್ಕ್ ಸೆನ್ಸರ್ ಇದ್ದರೆ ನೀವು ಒತ್ತಿದಷ್ಟೇ ಅದೂ ಕೊಡುತ್ತದೆ. ಹೊಸಬರು ಏರಿನಲ್ಲಿ ಬೀಳುವುದರಲ್ಲಿ ಬಹುಪಾಲು ಈ "ತಡವಾಗಿ ಬರುವ ನೂಕು" ಗೊತ್ತಿಲ್ಲದ್ದರಿಂದ.

ಕಾನೂನು ಚಿಕ್ಕದಾಗಿ ಹೇಳುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲ್ ಅಸಿಸ್ಟ್ ಸೈಕಲ್ಲಿನ ಮೋಟರ್ 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯದಾಗಿರಬೇಕು. ವೇಗ ಗಂಟೆಗೆ 25 ಕಿ.ಮೀ. ಮುಟ್ಟಿದಾಗ, ಅಥವಾ ನೀವು ತುಳಿಯುವುದು ನಿಲ್ಲಿಸಿದಾಗ, ಮೋಟರ್ ನಿಲ್ಲಬೇಕು. ಅಧಿಕೃತ ಪರೀಕ್ಷಾ ಸಂಸ್ಥೆ ಒಪ್ಪಿದ ಇಂಥ ಗಾಡಿಯನ್ನು ಮೋಟಾರು ವಾಹನ ಎಂದು ಎಣಿಸುವುದಿಲ್ಲ. ಅಂಥ ಪರೀಕ್ಷಾ ಸಂಸ್ಥೆಗಳಲ್ಲಿ ಒಂದಾದ ಎ.ಆರ್.ಎ.ಐ. (ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ) ಇರುವುದು ನಮ್ಮ ಪುಣೆಯ ವೇತಾಳ ಟೇಕಡಿಯ ಮಗ್ಗುಲಲ್ಲೇ. ಟೇಕಡಿ ಅಂದರೆ ಮರಾಠಿಯಲ್ಲಿ ಗುಡ್ಡ. ವೇಗದ ಮಿತಿ ತೆಗೆಸಿದರೆ ಈ ವಿನಾಯಿತಿ ಹೋಗುತ್ತದೆ. ಅದಕ್ಕಿಂತ ಮುಖ್ಯ, ಆ ವೇಗಕ್ಕೆ ತಕ್ಕ ಬ್ರೇಕ್ ನಿಮ್ಮ ಗಾಡಿಯಲ್ಲಿ ಇರುವುದಿಲ್ಲ.

ಆದರೆ ರಸ್ತೆಯ ನಿಯಮ ಬೇರೆ, ಅರಣ್ಯ ಇಲಾಖೆಯ ಜಾಗ ಬೇರೆ. ಟೇಕಡಿಗಳ ದೊಡ್ಡ ಭಾಗ ಅರಣ್ಯ ಜಾಗ. "ಇದು ಮೋಟಾರು ವಾಹನ ಅಲ್ಲ" ಎಂಬ ವಾದ ಅಲ್ಲಿಯ ಗೇಟಿನಲ್ಲಿ ನಡೆಯಬೇಕೆಂದಿಲ್ಲ. ಬೋರ್ಡ್ ಓದಿ, ಗಾರ್ಡ್ ಇದ್ದರೆ ಕೇಳಿ. ಬೇಡ ಅಂದರೆ ತಿರುಗಿ ಬನ್ನಿ.

## ಹಂತ 2: ಬೆನ್ನಿನ ಚೀಲ

ಹೆಲ್ಮೆಟ್, ಕೈಗವಸು, ಮೊಣಕಾಲಿನ ಗಾರ್ಡ್. ಈ ಮೂರು ಇಲ್ಲದೆ ಮಣ್ಣಿನ ದಾರಿಗೆ ಇಳಿಯಲೇಬೇಡಿ. ಬಿದ್ದಾಗ ಮೊದಲು ನೆಲ ಮುಟ್ಟುವುದು ಅಂಗೈ, ಪುಣೆಯ ನೆಲ ಕರಿಕಲ್ಲಿನ ಪುಡಿ. ಬೂಟು ಗಟ್ಟಿ ತಳದ್ದಾಗಿರಲಿ. ಚಪ್ಪಲಿ, ಸ್ಯಾಂಡಲ್ ಬೇಡ.

ಚೀಲದಲ್ಲಿ ಅಲೆನ್ ಕೀ ಸೆಟ್, ಸಣ್ಣ ಪಂಪು, ಎರಡು ಟಯರ್ ಲಿವರ್, ಪ್ಯಾಚ್ ಮತ್ತು ಅಂಟು, ಒಂದು ಹೊಸ ಟ್ಯೂಬ್ ಇರಲಿ. ಹಬ್ ಮೋಟರ್ ಇದ್ದವರು ಹಿಂದಿನ ಚಕ್ರದ ನಟ್ಟಿಗೆ ಸರಿಯಾದ ಸ್ಪ್ಯಾನರ್ ಇಟ್ಟುಕೊಳ್ಳಿ. ಬಹಳ ಗಾಡಿಗಳಲ್ಲಿ ಅದು 18 ಮಿ.ಮೀ. ಮನೆಯಲ್ಲೇ ಹಾಕಿ ನೋಡಿ ಖಚಿತ ಮಾಡಿಕೊಳ್ಳಿ. ಸಾದಾ ಸೈಕಲ್ ರೂಢಿಯಿಂದ ಬಂದವರು ಮರೆಯುವುದು ಇದೊಂದನ್ನೇ. ಆ ಸ್ಪ್ಯಾನರ್ ಇಲ್ಲದಿದ್ದರೆ ಹಿಂದಿನ ಚಕ್ರ ಬಿಚ್ಚಲು ಆಗುವುದೇ ಇಲ್ಲ.

ನೀರು ಒಬ್ಬರಿಗೆ ಕನಿಷ್ಠ 2 ಲೀಟರ್. ಜೊತೆಗೆ ಶೇಂಗಾ ಚಿಕ್ಕಿಯೋ ಬಾಳೆಹಣ್ಣೋ. ಪೂರ್ತಿ ಚಾರ್ಜ್ ಆದ ಫೋನು. ಮಹಾರಾಷ್ಟ್ರದಲ್ಲಿ ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112. ಒಬ್ಬರೇ ಹೋಗಬೇಡಿ. ಗುಡ್ಡದ ಹಿಂದಿನ ಮಗ್ಗುಲಿನಲ್ಲಿ ಸಿಗ್ನಲ್ ಹೋಗುವುದು ಇಲ್ಲಿ ಮಾಮೂಲು.

## ಹಂತ 3: ಟಯರ್ ಮತ್ತು ಬ್ರೇಕ್, ಹೊರಡುವ ಹಿಂದಿನ ರಾತ್ರಿ

ಬೆಳಗ್ಗೆ 6ಕ್ಕೆ ಎದ್ದು ಪಾರ್ಕಿಂಗ್‌ನಲ್ಲಿ ನಿಂತು ಮಾಡುವ ಕೆಲಸ ಇದಲ್ಲ. ಅವಸರದಲ್ಲಿ ಏನಾದರೊಂದು ಬಿಟ್ಟುಹೋಗುತ್ತದೆ.

ಅಂಗಡಿಯಲ್ಲಿ ಟಯರ್ ಕಲ್ಲಿನಂತೆ ಗಟ್ಟಿ ಮಾಡಿ ಕೊಡುತ್ತಾರೆ. ಡಾಂಬರಿಗೆ ಅದು ಸರಿ. ಮಣ್ಣಿನಲ್ಲಿ ಗಟ್ಟಿ ಟಯರ್ ಕಲ್ಲಿನ ಮೇಲಿಂದ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. 2.2ರಿಂದ 2.4 ಇಂಚಿನ ಟಯರ್, ಒಳಗೆ ಟ್ಯೂಬ್, ಸುಮಾರು 70 ಕಿಲೋ ತೂಕದ ಸವಾರ ಎಂದಿಟ್ಟುಕೊಳ್ಳಿ. ಮುಂದೆ 28 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ), ಹಿಂದೆ 32 ಪಿ.ಎಸ್.ಐ. ಯಿಂದ ಶುರು ಮಾಡಿ. ಬ್ಯಾಟರಿ ಗಾಡಿ 20 ಕಿಲೋ ದಾಟುತ್ತದೆ, ಹಬ್ ಮೋಟರ್‌ನ ಭಾರ ಹಿಂದೆಯೇ ಇರುತ್ತದೆ. ಹಾಗಾಗಿ ಹಿಂದೆ ಗಾಳಿ ಸ್ವಲ್ಪ ಜಾಸ್ತಿ ಬೇಕು. ಕಲ್ಲಿಗೆ ಬಡಿದಾಗ ರಿಮ್ "ಠಕ್" ಎಂದು ಸದ್ದು ಮಾಡಿದರೆ ಗಾಳಿ ಕಡಿಮೆಯಾಗಿದೆ. 2 ಪಿ.ಎಸ್.ಐ. ಏರಿಸಿ. ಸುಮ್ಮನೆ ಓಡಿಸಿದರೆ ಟ್ಯೂಬ್‌ನಲ್ಲಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಈಗ ಬ್ರೇಕು. ಇಲ್ಲಿ ಸ್ವಲ್ಪ ನಿಧಾನಿಸೋಣ.

ಮೊದಲು ಯಾವ ಕೈಗೆ ಯಾವ ಬ್ರೇಕ್ ಎಂದು ನೋಡಿ. ಬಲಗೈ ಮುಂದಿನದೋ, ಎಡಗೈ ಮುಂದಿನದೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ ಇರುತ್ತದೆ. ನಿಮ್ಮ ಸ್ಕೂಟರ್‌ಗೆ ಉಲ್ಟಾ ಇದ್ದರೆ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಿ. ಗಾಬರಿಯಾದಾಗ ಕೈ ಹಳೆಯ ರೂಢಿಯನ್ನೇ ಹಿಡಿಯುತ್ತದೆ.

ಲಿವರ್ ಪೂರ್ತಿ ಒತ್ತಿ. ಅದು ಹಿಡಿಗೆ ತಾಗಬಾರದು. ತಾಗಿದರೆ ಕೇಬಲ್ ಸಡಿಲವಾಗಿದೆ, ಅಥವಾ ಪ್ಯಾಡ್ ಸವೆದಿದೆ. ಕೇಬಲ್ ಬ್ರೇಕ್ ಆದರೆ ಲಿವರ್ ಬಳಿಯ ತಿರುಪನ್ನು ಹೊರಕ್ಕೆ ತಿರುಗಿಸಿ ಬಿಗಿ ಮಾಡಬಹುದು. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕ್ ಆದರೆ, ಲಿವರ್ ಸ್ಪಂಜಿನಂತೆ ಮೆತ್ತಗೆ ಒಳಗೆ ಹೋದರೆ ಒಳಗೆ ಗಾಳಿ ಸೇರಿದೆ. ಅಂಥ ಗಾಡಿಯಲ್ಲಿ ಗುಡ್ಡಕ್ಕೆ ಹೋಗಬೇಡಿ.

ಹೊಸ ಗಾಡಿ, ಅಥವಾ ಹೊಸ ಪ್ಯಾಡ್ ಆದರೆ ಬ್ರೇಕ್ ಕೂರಬೇಕು, ಅಂದರೆ ಪ್ಯಾಡ್ ಮತ್ತು ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ) ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಹೋಗಿ, ನಡೆಯುವ ವೇಗಕ್ಕೆ ಬರುವವರೆಗೆ ಗಟ್ಟಿಯಾಗಿ ಒತ್ತಿ, ಪೂರ್ತಿ ನಿಲ್ಲದೆ ಬಿಡಿ. ಇದನ್ನು ಪ್ರತಿ ಬ್ರೇಕಿಗೂ 20 ಸಲ ಮಾಡಿ. ಹತ್ತು ಸಲ ಆಗುವಷ್ಟರಲ್ಲೇ ಹಿಡಿತ ಬದಲಾಗುವುದು ನಿಮಗೇ ಗೊತ್ತಾಗುತ್ತದೆ. ಹೊಸ ಗಾಡಿ ತಗೊಂಡವರಲ್ಲಿ ಇದನ್ನು ಮಾಡಿದವರು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಚೈನ್ ಆಯಿಲ್ ಡಿಸ್ಕ್‌ಗೆ ಬೀಳಬಾರದು. ನನ್ನ ಗಾಡಿಯನ್ನು ಒಮ್ಮೆ ಸರ್ವಿಸ್‌ಗೆ ಕೊಟ್ಟಿದ್ದೆ. ಅಲ್ಲಿ ಚೈನಿಗೆ ಸ್ಪ್ರೇ ಹೊಡೆಯುವಾಗ ಡಿಸ್ಕ್‌ಗೂ ತಾಗಿತ್ತು. ನಾನು ನೋಡಿಕೊಳ್ಳದೆ ಬೋಪದೇವ್ ಘಾಟ್ ಕಡೆ ಹೋದೆ. ಮೊದಲ ಇಳಿಜಾರಿನಲ್ಲೇ ಹಿಂದಿನ ಬ್ರೇಕ್ ಕಿರುಚಿತು, ಹಿಡಿಯಲಿಲ್ಲ. ಅವತ್ತು ಇಳಿದು ನಡೆದೇ ಬಂದೆ. ಆಯಿಲ್ ಕುಡಿದ ಪ್ಯಾಡ್ ತೊಳೆದರೆ ಸರಿಯಾಗುವುದಿಲ್ಲ, ಬದಲಾಯಿಸಲೇಬೇಕು. ಡಿಸ್ಕನ್ನು ಸ್ಪಿರಿಟ್ ಹಾಕಿದ ಶುದ್ಧ ಬಟ್ಟೆಯಿಂದ ಒರೆಸಿ.

ಕೊನೆಗೆ ಮೋಟರ್ ಕಟ್-ಆಫ್. ಬಹಳ ಗಾಡಿಗಳಲ್ಲಿ ಬ್ರೇಕ್ ಲಿವರ್ ಒಳಗೆ ಒಂದು ಸ್ವಿಚ್ ಇರುತ್ತದೆ. ಲಿವರ್ ಸ್ವಲ್ಪ ಎಳೆದರೂ ಸಾಕು, ಮೋಟರ್ ನಿಲ್ಲಬೇಕು. ಹಿಂದಿನ ಚಕ್ರ ಎತ್ತಿ ಮೋಟರ್ ಓಡಿಸಿ, ಎರಡೂ ಲಿವರನ್ನು ಒಂದೊಂದಾಗಿ ಬೆರಳ ತುದಿಯಿಂದ ಎಳೆದು ನೋಡಿ. ನಿಲ್ಲದಿದ್ದರೆ ರಿಪೇರಿ ಆಗುವವರೆಗೆ ಗುಡ್ಡ ಬೇಡ.

## ಹಂತ 4: ಮೈದಾನದಲ್ಲಿ ಎರಡು ಬೆಳಗ್ಗೆ, ಮೋಟರ್ ಆಫ್

ಮನೆ ಹತ್ತಿರದ ಖಾಲಿ ಮೈದಾನ ಸಾಕು. ಮೊದಲ ಬೆಳಗ್ಗೆ ಅಸಿಸ್ಟ್ ಸೊನ್ನೆಯಲ್ಲಿಡಿ. ಗಾಡಿ ಭಾರ ಅನಿಸುತ್ತದೆ. ಆ ಭಾರ ಕೈಗೆ, ಸೊಂಟಕ್ಕೆ ಗೊತ್ತಾಗಲಿ ಎಂದೇ ಈ ಪಾಠ.

ಸೀಟು ನಾಲ್ಕು ಬೆರಳಿನಷ್ಟು ಇಳಿಸಿ. ಎರಡೂ ಪೆಡಲ್ ನೆಲಕ್ಕೆ ಸಮವಾಗಿರಲಿ, ಅದರ ಮೇಲೆ ನಿಂತುಕೊಳ್ಳಿ. ಮೊಣಕೈ ಮೊಣಕಾಲು ಸ್ವಲ್ಪ ಮಡಚಿರಲಿ, ಹಿಮ್ಮಡಿ ಕೆಳಗಿರಲಿ. ಬ್ರೇಕಿನ ಮೇಲೆ ತಲಾ ಒಂದೇ ಬೆರಳು, ಉಳಿದ ಬೆರಳು ಹಿಡಿಯ ಮೇಲೆ. ಈ ನಿಲುವಿನಲ್ಲೇ ಮೈದಾನ ಸುತ್ತಿ. ಗುಡ್ಡ ಇಳಿಯುವುದು ಪೂರ್ತಿ ಈ ನಿಲುವಿನಲ್ಲೇ. ಸೀಟಿನ ಮೇಲೆ ಕೂತು ಇಳಿದವರನ್ನು ಮೊದಲ ಗುಂಡಿಯೇ ಹ್ಯಾಂಡಲ್ ಮೇಲೆ ಎಸೆಯುತ್ತದೆ.

ನಂತರ ಬ್ರೇಕ್ ಪಾಠ. ಒಂದು ಕಲ್ಲಿಡಿ. ಅಲ್ಲಿಗೆ ಬಂದ ಕೂಡಲೇ ಹಿಂದಿನ ಬ್ರೇಕ್ ಮಾತ್ರ ಹಿಡಿದು ನಿಲ್ಲಿ. ಎಷ್ಟು ದೂರ ಹೋಯಿತು ನೋಡಿ. ಈಗ ಮುಂದಿನದು ಮಾತ್ರ, ಹಗುರವಾಗಿ ಶುರು ಮಾಡಿ ಗಟ್ಟಿ ಮಾಡುತ್ತ. ಆಮೇಲೆ ಎರಡೂ. ಗಾಡಿ ನಿಲ್ಲಿಸುವ ದೊಡ್ಡ ಶಕ್ತಿ ಮುಂದಿನ ಬ್ರೇಕ್‌ನಲ್ಲಿದೆ. ಅದಕ್ಕೆ ಹೆದರಿ ಹಿಂದಿನದನ್ನೇ ಹಿಡಿಯುವವರ ಹಿಂದಿನ ಚಕ್ರ ಜಾರುತ್ತದೆ, ದಾರಿಯನ್ನೂ ಕೆರೆದು ಹಾಳು ಮಾಡುತ್ತದೆ.

ಎರಡನೇ ಬೆಳಗ್ಗೆ ಅಸಿಸ್ಟ್ 1, ಅಂದರೆ ಮೋಟರ್‌ನ ಅತಿ ಕಡಿಮೆ ನೆರವು. ನಿಂತಲ್ಲಿಂದ ಹೊರಡುವುದನ್ನು ಇಪ್ಪತ್ತು ಮೂವತ್ತು ಸಲ ಮಾಡಿ. ಕೇಡೆನ್ಸ್ ಸೆನ್ಸರ್ ಗಾಡಿಯಲ್ಲಿ ನೂಕು ಯಾವಾಗ ಬರುತ್ತದೆ ಎಂದು ಎಣಿಸಿ: ಕಾಲು ಸುತ್ತಿಗೋ, ಅರ್ಧ ಸುತ್ತಿಗೋ? ಆಮೇಲೆ ಎರಡು ಕಲ್ಲುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತಿ. ತಿರುವಿನಲ್ಲಿ ಪೆಡಲ್ ತುಳಿದರೆ ಮೋಟರ್ ಹೊರಕ್ಕೆ ತಳ್ಳುವುದು ಅರಿವಾಗುತ್ತದೆ. ತಿರುವಿಗೆ ಮುಂಚೆಯೇ ತುಳಿಯುವುದು ನಿಲ್ಲಿಸಿ, ಲಿವರನ್ನು ಸ್ವಲ್ಪ ಎಳೆದು ಮೋಟರ್ ಕಡಿಯಿರಿ. ಗಾಡಿ ನೆಟ್ಟಗಾದ ಮೇಲೆ ಮತ್ತೆ ತುಳಿಯಿರಿ.

ಥ್ರಾಟಲ್ (ತುಳಿಯದೆಯೇ ಮೋಟರ್ ಓಡಿಸುವ ಹಿಡಿ) ಇದ್ದರೆ ಮಣ್ಣಿನ ದಾರಿಯಲ್ಲಿ ಅದನ್ನು ಮುಟ್ಟಬೇಡಿ. ಗುಂಡಿಗೆ ಬಿದ್ದಾಗ ಕೈ ತಾನೇ ಬಿಗಿಯುತ್ತದೆ, ಥ್ರಾಟಲ್ ತಿರುಗುತ್ತದೆ.

## ಹಂತ 5: ತಳ್ಳಿಕೊಂಡು ಹತ್ತಿ, ಓಡಿಸಿಕೊಂಡು ಇಳಿಯಿರಿ

ಇದು ಈ ಬರಹದ ಮುಖ್ಯ ಹಂತ. ಜನ ಬಿಟ್ಟುಬಿಡುವುದೂ ಇದನ್ನೇ.

ಮೊದಲ ಗುಡ್ಡಕ್ಕೆ ವೇತಾಳ ಟೇಕಡಿ ಆಯ್ದುಕೊಳ್ಳಬೇಡಿ. ಅದು ನಡೆಯುವವರ ಗುಡ್ಡ. ಬೆಳಗ್ಗೆ ಅಜ್ಜ ಅಜ್ಜಿಯರಿಂದ ಮಕ್ಕಳವರೆಗೆ ಎಲ್ಲರೂ ಇರುತ್ತಾರೆ, ಭಾನುವಾರವಂತೂ ಕಾಲಿಡಲು ಜಾಗ ಇರುವುದಿಲ್ಲ. ಪಾನ್‌ಶೆತ್ ಕಡೆ, ಮುಳಶಿ ಕಡೆ, ಬೋಪದೇವ್ ದಾಟಿ ಸಾಸವಡ್ ಕಡೆ ಹಳ್ಳಿಗಳ ನಡುವಿನ ಮಣ್ಣಿನ ಬಂಡಿದಾರಿಗಳಿವೆ. ಅಗಲ, ಮುಂದೆ ಏನಿದೆ ಎಂದು ಕಾಣುತ್ತದೆ, ಜನ ಕಡಿಮೆ. ಹೊಲದ ಬದು ದಾಟಬೇಕಾದರೆ ಅಲ್ಲಿದ್ದವರನ್ನು ಕೇಳಿಯೇ ದಾಟಿ.

20 ಮೀಟರ್ ಉದ್ದದ ಒಂದು ಇಳಿಜಾರು ಹುಡುಕಿ. ಕೊನೆಯಲ್ಲಿ ಸಮತಟ್ಟು ಇರಬೇಕು. ಗಾಡಿಯನ್ನು ವಾಕ್ ಮೋಡ್‌ನಲ್ಲಿ ಹಾಕಿ. ನೀವು ನಡೆಯುತ್ತ ತಳ್ಳುವಾಗ ಮೋಟರ್ ನಿಧಾನವಾಗಿ ಜೊತೆ ಕೊಡುತ್ತದೆ. ಹೋಗುವಾಗ ದಾರಿಯನ್ನು ಓದಿ. ಎಲ್ಲಿ ಕಲ್ಲು ಕದಲುತ್ತದೆ, ಎಲ್ಲಿ ನೀರು ಕೊರೆದ ಸೀಳು ಇದೆ, ಎಲ್ಲಿ ಸಡಿಲ ಮುರುಮ್ ಇದೆ. ಮುರುಮ್ ಅಂದರೆ ನಮ್ಮ ಧಾರವಾಡದ ಕಡೆಯ ಗರಸು. ಒಣಗಿದ ಗರಸು ಗಟ್ಟಿ ನೆಲದ ಮೇಲೆ ಕಡಲೆಕಾಳು ಚೆಲ್ಲಿದ ಹಾಗೆ. ಅದರ ಮೇಲೆ ತಿರುಗಿಸಲೂ ಬಾರದು, ಜೋರಾಗಿ ಬ್ರೇಕ್ ಹಿಡಿಯಲೂ ಬಾರದು.

ಮೇಲೆ ಹೋದ ಮೇಲೆ ಅಸಿಸ್ಟ್ ಪೂರ್ತಿ ಆಫ್ ಮಾಡಿ. ಸೀಟು ಕೆಳಗಿದೆಯಾ ನೋಡಿ. ನಿಂತ ನಿಲುವಿನಲ್ಲಿ ಇಳಿಯಿರಿ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಎಂಟು ಹತ್ತು ಮೀಟರ್ ಮುಂದೆ ಇರಲಿ. ಕಲ್ಲನ್ನೇ ನೋಡುತ್ತ ಬಂದರೆ ಗಾಡಿ ಆ ಕಲ್ಲಿಗೇ ಹೋಗುತ್ತದೆ. ಕಡಿದಾದಷ್ಟೂ ಸೊಂಟ ಹಿಂದಕ್ಕೆ ಹೋಗಲಿ.

ಬ್ರೇಕ್ ಹಿಡಿದೇ ಇಳಿಯುವುದು ದೊಡ್ಡ ತಪ್ಪು. ಅರ್ಧ ಹಿಡಿದು ಎಳೆದುಕೊಂಡೇ ಬಂದರೆ ಡಿಸ್ಕ್ ಕಾದು ಹಿಡಿತ ಹೋಗುತ್ತದೆ. ಗಟ್ಟಿ ನೆಲ ಸಿಕ್ಕಲ್ಲಿ ಜೋರಾಗಿ ಹಿಡಿದು ವೇಗ ಇಳಿಸಿ, ಸಡಿಲ ನೆಲ ಬಂದಾಗ ಬಿಟ್ಟು ಹರಿಯಲು ಬಿಡಿ, ಮತ್ತೆ ಹಿಡಿಯಿರಿ. ಸುಟ್ಟ ವಾಸನೆ, ಲಿವರ್ ಮೊದಲಿಗಿಂತ ಒಳಗೆ ಹೋಗುವುದು, ಇದ್ದಕ್ಕಿದ್ದಂತೆ ಕಿರುಚುವ ಸದ್ದು: ಈ ಮೂರರಲ್ಲಿ ಒಂದು ಬಂದರೂ ನಿಲ್ಲಿಸಿ, ಹತ್ತು ನಿಮಿಷ ಕಾಯಿರಿ. ಡಿಸ್ಕನ್ನು ಮುಟ್ಟಿ ನೋಡಬೇಡಿ, ಬೆರಳು ಸುಡುತ್ತದೆ. ಬೇಗ ಆರಲಿ ಎಂದು ನೀರನ್ನೂ ಹಾಕಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

ಒಂದೇ ಇಳಿಜಾರನ್ನು ಹತ್ತು ಸಲ ಮಾಡಿ. ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಿ ಕಾಲು ಊರಲು ಬಂತು ಅಂದರೆ ಮುಂದಿನ ಹಂತಕ್ಕೆ ತಯಾರಾಗಿದ್ದೀರಿ. ಬರಲಿಲ್ಲವಾ, ಇನ್ನೊಂದು ಭಾನುವಾರ ಇಲ್ಲೇ.

## ಹಂತ 6: ಈಗ ಏರು

ಏರು ಶುರುವಾಗುವ ಮೊದಲೇ ಹಗುರ ಗೇರ್‌ಗೆ ಬನ್ನಿ. ಏರಿನ ನಡುವೆ ಒತ್ತಿ ತುಳಿಯುತ್ತ ಗೇರ್ ಬದಲಾಯಿಸಿದರೆ ಚೈನ್ ಕಟಕಟ ಎನ್ನುತ್ತದೆ. ಮಿಡ್ ಡ್ರೈವ್‌ನಲ್ಲಿ ತುಂಡೇ ಆಗಬಹುದು. ಬದಲಾಯಿಸಲೇಬೇಕಾದರೆ ಒಂದು ಕ್ಷಣ ಕಾಲಿನ ಒತ್ತಡ ಹಗುರ ಮಾಡಿ, ಗೇರ್ ಕೂತ ಮೇಲೆ ಒತ್ತಿ.

"ಮೋಟರ್ ಇದೆಯಲ್ಲ, ಗೇರ್ ಯಾಕೆ?" ಎಂದು ಬಹಳ ಜನ ಕೇಳುತ್ತಾರೆ. ಹಬ್ ಮೋಟರ್‌ಗೆ ಬದಲಾಯಿಸುವ ಗೇರ್ ಇಲ್ಲ. ಕಡಿದಾದ ಏರಿನಲ್ಲಿ ಗಾಡಿ ನಿಧಾನವಾದಷ್ಟೂ ಅದು ಕುಡಿದ ಕರೆಂಟಿನ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ವೇಗ ಉಳಿಸಬೇಕಾದದ್ದು ನಿಮ್ಮ ಕಾಲು. ಕಾಲು ಹಗುರವಾಗಿ ಬೇಗ ಬೇಗ ಸುತ್ತಲು ಹಗುರ ಗೇರ್ ಬೇಕು. ವೇಗ 8 ಕಿ.ಮೀ. ಗಿಂತ ಕೆಳಗೆ ಬಿದ್ದು ಮೇಲೆ ಬರುತ್ತಿಲ್ಲ ಅಂದರೆ ಇಳಿದು ವಾಕ್ ಮೋಡ್‌ನಲ್ಲಿ ತಳ್ಳಿ. ಮೋಟರ್ ಗುಂಯ್‌ಗುಡುತ್ತ ಚಕ್ರ ಕಷ್ಟಪಟ್ಟು ತಿರುಗುತ್ತಿದ್ದರೆ, ಅಥವಾ ಅಸಿಸ್ಟ್ ಬಂದು ಬಂದು ಹೋಗುತ್ತಿದ್ದರೆ, ಅದು ಬಿಸಿಯಾಗಿದೆ ಎಂಬ ಸೂಚನೆ. ನೆರಳಿನಲ್ಲಿ ಹದಿನೈದು ನಿಮಿಷ ನಿಲ್ಲಿ.

ಕೂರುವ ರೀತಿ ಇಳಿಜಾರಿಗೆ ಪೂರ್ತಿ ಉಲ್ಟಾ. ಸೀಟು ಏರಿಸಿ, ಅದರ ಮೂಗಿನ ಮೇಲೆ ಮುಂದೆ ಸರಿದು ಕೂರಿ. ಎದೆ ಬಗ್ಗಿಸಿ, ಮೊಣಕೈ ಕೆಳಕ್ಕೆ. ಹಿಂದೆ ಕೂತರೆ ಮೋಟರ್ ನೂಕಿದಾಗ ಮುಂದಿನ ಚಕ್ರ ಎದ್ದು ಗಾಡಿ ಪಕ್ಕಕ್ಕೆ ತಿರುಗುತ್ತದೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಸುಮ್ನೆ ಮಣ್ಣು ಕೆರೆಯುತ್ತದೆ. ಈ ಎರಡರ ನಡುವಿನ ಜಾಗ ಸಿಗಲು ನಾಲ್ಕೈದು ಸಲ ಬೇಕು.

ಅಸಿಸ್ಟ್ 2 ಸಾಕು. 5ಕ್ಕೆ ಹಾಕಿದವರು ಕಲ್ಲಿನ ಮೇಲೆ ಚಕ್ರ ಜಾರಿಸಿಕೊಂಡು ಬೀಳುತ್ತಾರೆ.

ಇನ್ನು ಫೋನಿನಲ್ಲಿ ಅತಿ ಹೆಚ್ಚು ಕೇಳಿದ್ದು: ಏರಿನ ಮಧ್ಯೆ ನಿಂತರೆ ಮತ್ತೆ ಹೊರಡುವುದು ಹೇಗೆ? ಹೀಗೆ. ಎರಡೂ ಬ್ರೇಕ್ ಹಿಡಿದುಕೊಳ್ಳಿ. ಅಸಿಸ್ಟನ್ನು 1ಕ್ಕೆ ಇಳಿಸಿ. ಗಾಡಿಯನ್ನು ಏರಿಗೆ ನೇರವಾಗಿ ಬೇಡ, ದಾರಿ ಅಗಲ ಇದ್ದರೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಮುಂದಿನ ಪೆಡಲ್ ಗಡಿಯಾರದ ಎರಡು ಗಂಟೆಯ ಜಾಗಕ್ಕೆ ಬರುವಂತೆ ಪೆಡಲನ್ನು ಹಿಂದಕ್ಕೆ ತಿರುಗಿಸಿ. ಬ್ರೇಕ್ ಹಿಡಿದಿದ್ದರಿಂದ ಮೋಟರ್ ಈಗ ಬರುವುದಿಲ್ಲ. ಒಂದು ಕಾಲು ನೆಲದಲ್ಲಿ, ಇನ್ನೊಂದು ಆ ಪೆಡಲ್ ಮೇಲೆ. ಸೀಟಿನ ಮೂಗಿಗೆ ಕೂತು, ಕಾಲಿನಿಂದ ಒತ್ತುತ್ತಲೇ ಬ್ರೇಕ್ ಬಿಡಿ. ಮೊದಲ ಒತ್ತು ನಿಮ್ಮದು, ಎರಡನೆಯದಕ್ಕೆ ಮೋಟರ್ ಬರುತ್ತದೆ. ಎರಡು ಸಲ ಆಗಲಿಲ್ಲ ಅಂದರೆ ಹಟ ಬೇಡ, ಸಮತಟ್ಟು ಸಿಗುವವರೆಗೆ ತಳ್ಳಿ.

## ಹಂತ 7: ಬ್ಯಾಟರಿ ಲೆಕ್ಕ ಪೆನ್ನಿನಲ್ಲಿ ಮಾಡಿ

ಡಬ್ಬದ ಮೇಲೆ ಬರೆದ ಕಿಲೋಮೀಟರ್ ಸಮತಟ್ಟು ರಸ್ತೆಯದು. ಗುಡ್ಡದ ಲೆಕ್ಕ ಎತ್ತರದಲ್ಲಿ ನಡೆಯುತ್ತದೆ.

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಅಂದರೆ 360 ವ್ಯಾಟ್-ಅವರ್. ನೀವು 72 ಕಿಲೋ, ಗಾಡಿ 23, ಚೀಲ ನೀರು 5, ಒಟ್ಟು 100 ಕಿಲೋ ಎನ್ನೋಣ. ಇದನ್ನು 100 ಮೀಟರ್ ಎತ್ತರಕ್ಕೆ ಎತ್ತಲು ಸುಮಾರು 27 ವ್ಯಾಟ್-ಅವರ್ ಬೇಕು. ಮೋಟರ್‌ನಲ್ಲಿ ಬಿಸಿಯಾಗಿ ಹೋಗುವುದನ್ನು ಸೇರಿಸಿ ನಾನು 40 ಎಂದೇ ಹಿಡಿಯುತ್ತೇನೆ.

ಈಗ ಸಿಂಹಗಡ ನೋಡಿ. ಕೋಟೆ ಸಮುದ್ರಮಟ್ಟದಿಂದ 1,312 ಮೀಟರ್, ಪುಣೆ ಊರು ಸುಮಾರು 560. ವ್ಯತ್ಯಾಸ ಸುಮಾರು 750 ಮೀಟರ್. 40ರ ಲೆಕ್ಕದಲ್ಲಿ ಬರೀ ಎತ್ತರಕ್ಕೇ 300 ವ್ಯಾಟ್-ಅವರ್ ಹೋಯಿತು. ಊರಿನಿಂದ ಬುಡದವರೆಗಿನ ರಸ್ತೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. "50 ಕಿ.ಮೀ. ಬರುತ್ತೆ ಅಂದಿದ್ರು" ಎಂದು ಹೊರಟವರು ಘಾಟ್ ರಸ್ತೆಯ ತಿರುವಿನಲ್ಲಿ ನಿಲ್ಲುವುದು ಇದೇ ಕಾರಣಕ್ಕೆ. ಬುಡದವರೆಗೆ ಅಸಿಸ್ಟ್ ಆಫ್ ಇಟ್ಟು, ಏರಿನಲ್ಲಿ ಅರ್ಧ ಕೆಲಸ ಕಾಲಿಗೆ ಕೊಟ್ಟರೆ ಲೆಕ್ಕ ಕೂಡುತ್ತದೆ.

ಪರದೆಯ ಮೇಲಿನ ಐದು ಗೀಟುಗಳನ್ನು ಏರಿನಲ್ಲಿ ನಂಬಬೇಡಿ. ಮೋಟರ್ ಜೋರಾಗಿ ಎಳೆಯುವಾಗ ವೋಲ್ಟೇಜ್ ಕುಸಿದು ಎರಡು ಗೀಟು ಕಾಣುತ್ತದೆ, ನಿಂತಾಗ ಮತ್ತೆ ಮೂರಾಗುತ್ತದೆ. ಒಂದು ನಿಮಿಷ ನಿಂತು ಆಮೇಲೆ ಓದಿ. ನಿಂತು ಓದಿದಾಗಲೂ ಮೂರಕ್ಕಿಂತ ಕಡಿಮೆ ಇದ್ದು, ವಾಪಸ್ ದಾರಿಯಲ್ಲಿ ಇನ್ನೊಂದು ಏರು ಇದ್ದರೆ, ತುದಿ ಎಷ್ಟೇ ಹತ್ತಿರ ಕಂಡರೂ ಅಲ್ಲೇ ತಿರುಗಿ. ಕೊನೆಯ ಎರಡು ಗೀಟು ಮೊದಲ ಎರಡರಷ್ಟು ದೂರ ಬರುವುದಿಲ್ಲ.

## ಹಂತ 8: ದಾರಿಯಲ್ಲಿ ಸಿಗುವವರು

ನಡೆಯುವವರಿಗೆ ಯಾವಾಗಲೂ ದಾರಿ ಬಿಡಿ. ಬ್ಯಾಟರಿ ಗಾಡಿ ಸದ್ದಿಲ್ಲದೆ ಬರುತ್ತದೆ, ಹಿಂದಿನಿಂದ ಹೋದರೆ ಬೆಚ್ಚಿಬೀಳುತ್ತಾರೆ. ದೂರದಿಂದಲೇ ಬೆಲ್ ಹೊಡೆದು, ನಡಿಗೆಯ ವೇಗಕ್ಕೆ ಬಂದು, "ಕಾಕಾ, ಉಜವೀಕಡೂನ್ ಯೇತೋಯ್" ಎನ್ನಿ. ಬಲಗಡೆಯಿಂದ ಬರುತ್ತಿದ್ದೇನೆ ಎಂದರ್ಥ. ಎಡಗಡೆ ಅಂದರೆ "ಡಾವೀಕಡೂನ್". ನೀವು ಇಳಿಯುತ್ತಿದ್ದು ಎದುರಿಗೆ ಯಾರಾದರೂ ಏರಿ ಬರುತ್ತಿದ್ದರೆ ನಿಲ್ಲಬೇಕಾದವರು ನೀವು.

ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು, ಗಾಡಿಯನ್ನು ನಿಮ್ಮ ಮತ್ತು ನಾಯಿಯ ನಡುವೆ ಇಟ್ಟು ನಡೆಯಿರಿ. ದನ, ಎಮ್ಮೆ ಇದ್ದರೆ ಮೇಯಿಸುವವರ ಸನ್ನೆ ಬರುವವರೆಗೆ ಕಾಯಿರಿ. ಮಳೆ ಮುಗಿದ ಮೇಲಿನ ಎತ್ತರದ ಹುಲ್ಲಿನಲ್ಲಿ ಗಾಡಿ ಮಲಗಿಸಿ ಕೂರಬೇಡಿ, ಈ ಗುಡ್ಡಗಳಲ್ಲಿ ಕೊಳಕುಮಂಡಲ ಹಾವು ಇದೆ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಮಾಡದೆ, ಕೈಕಾಲು ಅಲುಗಾಡಿಸದೆ, ನೇರ ದೊಡ್ಡ ಆಸ್ಪತ್ರೆಗೆ.

## ಹಂತ 9: ಹಿಂದಿನ ಚಕ್ರ ಪಂಕ್ಚರ್ ಆದರೆ

ಇಲ್ಲಿ ಪಂಕ್ಚರ್ ಅಂದರೆ ಹೆಚ್ಚಾಗಿ ಜಾಲಿ ಮುಳ್ಳು. ಹಬ್ ಮೋಟರ್ ಇರುವ ಚಕ್ರವನ್ನು ಬಿಚ್ಚುವ ಮೊದಲು ಈ ಉಪಾಯ ಮಾಡಿ. ಟಯರ್ ಸುತ್ತ ಕಣ್ಣಾಡಿಸಿ ಮುಳ್ಳು ಹುಡುಕಿ, ಅದರ ಎದುರಿನ ರಿಮ್ ಮೇಲೆ ಗುರುತು ಮಾಡಿ, ಆಮೇಲೆ ಕೀಳಿ. ಅಲ್ಲಿ ಮಾತ್ರ ಟಯರಿನ ಒಂದು ಅಂಚನ್ನು ಲಿವರ್‌ನಿಂದ ಎಬ್ಬಿಸಿ, ಗೇಣುದ್ದ ಟ್ಯೂಬ್ ಹೊರಗೆಳೆಯಿರಿ. ಉಜ್ಜಿ, ಅಂಟು ಹಚ್ಚಿ, ಅಂಟು ಒಣಗಿದ ಮೇಲೆ ಪ್ಯಾಚ್ ಒತ್ತಿ. ಚಕ್ರ ಬಿಚ್ಚುವ ಕೆಲಸವೇ ಇಲ್ಲ.

ಬಿಚ್ಚಲೇಬೇಕಾದರೆ ಮೊದಲು ಬ್ಯಾಟರಿ ಆಫ್ ಮಾಡಿ. ಮೋಟರ್ ವೈರಿನ ಕನೆಕ್ಟರ್ ಹುಡುಕಿ, ಮೇಲಿನ ಬಾಣದ ಗುರುತು ನೋಡಿಕೊಂಡು ನೇರವಾಗಿ ಎಳೆಯಿರಿ. ತಿರುಚಿದರೆ ಒಳಗಿನ ಪಿನ್ ಬಾಗುತ್ತದೆ. ನಟ್ಟಿನ ಹಿಂದೆ ಮೂಗಿರುವ ವಾಷರ್ ಇರುತ್ತದೆ. ಅದು ಯಾವ ಕಡೆ ಮುಖ ಮಾಡಿತ್ತು ಎಂದು ಫೋನಿನಲ್ಲಿ ಫೋಟೋ ತೆಗೆದಿಡಿ. ಮೋಟರ್ ತಿರುಗುವಾಗ ಅಚ್ಚು ತಾನೂ ತಿರುಗದಂತೆ ತಡೆಯುವುದು ಆ ಮೂಗೇ. ಉಲ್ಟಾ ಹಾಕಿದರೆ ಅಚ್ಚು ತಿರುಗಿ ವೈರ್ ಕಿತ್ತುಹೋಗುತ್ತದೆ.

## ಹಂತ 10: ಮನೆಗೆ ಬಂದ ಮೇಲೆ

ಬ್ಯಾಟರಿ ಬಿಸಿ ಇರುವಾಗ ಚಾರ್ಜಿಗೆ ಹಾಕಬೇಡಿ. ಸ್ನಾನ, ತಿಂಡಿ ಮುಗಿಯಲಿ. ಗಾಡಿಯ ಜೊತೆ ಬಂದ ಚಾರ್ಜರನ್ನೇ ಬಳಸಿ. 36 ವೋಲ್ಟ್ ಬ್ಯಾಟರಿ ತುಂಬಿದಾಗ 42 ವೋಲ್ಟ್ ಇರುತ್ತದೆ, ಚಾರ್ಜರ್ ಮೇಲೂ ಅದೇ ಅಂಕಿ ಇರಬೇಕು. ಪಿನ್ ಕೂಡುತ್ತದೆ ಎಂದು ಬೇರೆ ಚಾರ್ಜರ್ ಹಾಕುವುದು ಬೆಂಕಿಗೆ ದಾರಿ. ಫ್ಲ್ಯಾಟಿನಲ್ಲಿ ಬಾಗಿಲ ಬಳಿ, ಹಾಸಿಗೆ ಸೋಫಾ ಬಳಿ ಚಾರ್ಜ್ ಮಾಡಬೇಡಿ. ಎಲ್ಲರೂ ಮಲಗಿರುವಾಗಲೂ ಬೇಡ. ಬ್ಯಾಟರಿ ಬಿದ್ದಿದ್ದರೆ, ಉಬ್ಬಿದ್ದರೆ, ವಿಚಿತ್ರ ವಾಸನೆ ಬಂದರೆ ಚಾರ್ಜಿಗೆ ಹಾಕದೆ, ಮನೆಯ ಹೊರಗಿಟ್ಟು ತಯಾರಕರ ಸರ್ವಿಸ್‌ನವರನ್ನು ಕರೆಯಿರಿ.

ತೊಳೆಯುವಾಗ ಬ್ಯಾಟರಿ ತೆಗೆದಿಡಿ. ಬಕೆಟ್ ನೀರು, ಬ್ರಷ್, ಬಟ್ಟೆ ಸಾಕು. ಕಾರು ತೊಳೆಯುವ ಜೋರು ಪೈಪ್ ಬೇಡವೇ ಬೇಡ, ಮೋಟರ್‌ನ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ. ಒಣಗಿದ ಮೇಲೆ ಚೈನಿಗೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಆಯಿಲ್ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಡಿಸ್ಕ್‌ನ ಮೇಲೆ ಅಷ್ಟು ಹೊತ್ತು ಹಳೆಯ ಬಟ್ಟೆ ಮುಚ್ಚಿಡಿ.

ಈ ದಾರಿಗಳಿಗೆ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರವರಿ. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ 9ರೊಳಗೆ ಮನೆ ಸೇರಿ. ಒಣಹುಲ್ಲಿಗೆ ಬೆಂಕಿ ಬೀಳುವ ಕಾಲ ಅದು, ಹೊಗೆ ಕಂಡರೆ ಆ ಗುಡ್ಡ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಿಕಲ್ಲಿನ ಮೇಲೆ ಪಾಚಿ, ಎರೆಮಣ್ಣು ಚಕ್ರಕ್ಕೆ ಅಂಟಿ ಫೋರ್ಕ್‌ನಲ್ಲಿ ಸಿಕ್ಕಿಕೊಂಡು ಚಕ್ರವೇ ತಿರುಗದು. ಒದ್ದೆ ದಾರಿಯಲ್ಲಿ ಓಡಿಸಿದರೆ ನಮ್ಮ ಚಕ್ರದ ಗೆರೆಯೇ ಮುಂದೆ ನೀರು ಕೊರೆಯುವ ಸೀಳಾಗುತ್ತದೆ. ಆ ನಾಲ್ಕು ತಿಂಗಳು ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ, ತಂಪಾದ ಒಣ ಕಪಾಟಿನಲ್ಲಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಎರಡು ಗೀಟಿಗೆ ಇಳಿದಿದ್ದರೆ ಮತ್ತೆ ಮೂರಕ್ಕೆ ತನ್ನಿ.